ಕ್ವೆರಿ ಓಡಿತು, ಸಾಲುಗಳು ಎಲ್ಲಿಗೆ ಹೋದವು? ಪೋಸ್ಟ್‌ಗ್ರೆಸ್ ದೋಷ ನಿವಾರಣೆ ಕೈಪಿಡಿ

ಎರರ್ ಬಂದರೆ ಸಂಕಟ ಕಡಿಮೆ, ಓದಿಕೊಂಡು ಸರಿಪಡಿಸಬಹುದು. ಕಷ್ಟ ಬರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕೊಟ್ಟ ಕ್ವೆರಿ (ಡೇಟಾ ಕೇಳುವ ಆದೇಶ) ಸದ್ದಿಲ್ಲದೆ ಮುಗಿದು, ಫಲಿತಾಂಶ ಮಾತ್ರ ಕೈಗೆ ಸಿಗದಿದ್ದಾಗ. ಇಂಥ ದೂರು ಬಂದ ಕೂಡಲೇ ಹೆಚ್ಚಿನವರು ಯಾವ ಸಾಲು ಬೇಕೆಂದು ಹೇಳುವ ವೇರ್ ಷರತ್ತನ್ನು ತಿದ್ದಿ ತಿದ್ದಿ ನೋಡಲು ಕೂರುತ್ತಾರೆ. ಅರ್ಧ ದಿನ ಅಲ್ಲೇ ಕಳೆಯುತ್ತದೆ. ಕ್ವೆರಿ ಸರಿಯಾಗಿಯೇ ಇರುತ್ತದೆ, ಅದರ ಸಾಲುಗಳನ್ನು ಕಳಿಸಿದ ವಿಳಾಸ ಬೇರೆ ಇರುತ್ತದೆ.

ಉದಾಹರಣೆಗೆ ಚಿಕ್ಕಮಗಳೂರಿನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಡೇಟಾಬೇಸ್ ಇದೆ ಎಂದಿಟ್ಟುಕೊಳ್ಳೋಣ. ಸರ್ವರ್ ಊರಿನ ಆಫೀಸಿನಲ್ಲಿದೆ. ಮೂಡಿಗೆರೆ, ಬೇಲೂರು, ಸಕಲೇಶಪುರದ ಗೋದಾಮುಗಳ ತೂಕದ ಕೌಂಟರ್‌ಗಳಲ್ಲಿ ಒಂದೊಂದು ವಿಂಡೋಸ್ ಪಿಸಿ. 'ಆವಕ' ಎಂಬ ಟೇಬಲ್‌ನಲ್ಲಿ ಬೆಳೆಗಾರರ ಹೆಸರು, ಅರೇಬಿಕಾ ಪಾರ್ಚ್‌ಮೆಂಟೋ ರೋಬಸ್ಟಾ ಚೆರಿಯೋ ಎಂಬ ವಿವರ, 50 ಕೆಜಿ ಚೀಲಗಳ ಲೆಕ್ಕ, ತೇವಾಂಶ. ಇಲ್ಲಿ ಆದೇಶಗಳನ್ನೂ ಟೇಬಲ್ ಹೆಸರುಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಕೊಟ್ಟಿದ್ದೇವೆ. ಆದೇಶಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಒಳಗೆ ನಡೆಯುವುದು ಏನು

ಪೋಸ್ಟ್‌ಗ್ರೆಸ್‌ನಲ್ಲಿ ಕ್ವೆರಿ ಓಡಿಸುವ ಭಾಗಕ್ಕೆ, ಅಂದರೆ ಎಕ್ಸಿಕ್ಯೂಟರ್‌ಗೆ, ತಾನು ಹೊರತೆಗೆದ ಸಾಲು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೊದಲ ಸಾಲು ಹುಟ್ಟುವ ಮುಂಚೆಯೇ ಅದರ ಕೈಗೆ ಒಂದು ರಿಸೀವರ್ ಕೊಟ್ಟಿರುತ್ತಾರೆ. ರಿಸೀವರ್‌ಗೆ ನಾಲ್ಕೇ ಕೆಲಸ: ಶುರು ಮಾಡು, ಒಂದು ಸಾಲು ತಗೋ, ಮುಗಿಸು, ತೊಳೆದಿಡು. ಸೋರ್ಸ್ ಕೋಡ್‌ನಲ್ಲಿ ಇವುಗಳ ಪಟ್ಟಿ 'ಡೆಸ್ಟ್' ಎಂಬ ಫೈಲಿನಲ್ಲಿದೆ. ಕ್ಲೈಂಟ್‌ಗೆ ನೆಟ್‌ವರ್ಕ್ ಮೇಲೆ ಕಳಿಸುವುದಕ್ಕೆ ಡೆಸ್ಟ್‌ರಿಮೋಟ್, ಹೊಸ ಟೇಬಲ್‌ಗೆ ತುಂಬುವುದಕ್ಕೆ ಡೆಸ್ಟ್‌ಇಂಟುರೆಲ್, ಕಾಪಿ ಆದೇಶಕ್ಕೆ ಡೆಸ್ಟ್‌ಕಾಪಿಔಟ್, ಫಂಕ್ಷನ್‌ನ ಒಳಗಿಂದ ಕರೆದ ಕ್ವೆರಿಗೆ ಡೆಸ್ಟ್‌ಎಸ್‌ಪಿಐ, ಗುಡ್ಡೆ ಹಾಕಿಡುವುದಕ್ಕೆ ಡೆಸ್ಟ್‌ಟ್ಯೂಪಲ್‌ಸ್ಟೋರ್, ಎಸೆದುಬಿಡುವುದಕ್ಕೆ ಡೆಸ್ಟ್‌ನನ್. ಕೊನೆಯದರ ಹೆಸರು ನೆನಪಿರಲಿ, ಹಲವು ದೂರುಗಳ ಮೂಲ ಅದೇ.

ಹಾಗಾಗಿ ಪತ್ತೆ ಕೆಲಸ ಶುರುವಾಗಬೇಕಾದ್ದು 'ಸಾಲು ಹುಟ್ಟಿತೇ' ಎಂಬಲ್ಲಿಂದ. ಹುಟ್ಟಿದ್ದು ಖಾತ್ರಿಯಾದ ಮೇಲೆ ರಿಸೀವರ್ ಯಾವುದು ಎಂದು ಹುಡುಕಿದರಾಯಿತು.

ಮೊದಲು ಚೀಟಿ ನೋಡಿ

ಪ್ರತಿ ಆದೇಶ ಮುಗಿದಾಗ ಸರ್ವರ್ ಒಂದು ಸಣ್ಣ ಚೀಟಿ ಕಳಿಸುತ್ತದೆ. ಕಮಾಂಡ್ ಟ್ಯಾಗ್ ಎನ್ನುವುದು ಅದಕ್ಕೇ. ವೇ ಬ್ರಿಡ್ಜ್ ಚೀಟಿ ಇದ್ದ ಹಾಗೆ: ಲೋಡು ಎಲ್ಲಿಗೆ ಹೋಗಿದ್ದರೂ ತೂಕ ಚೀಟಿಯಲ್ಲಿರುತ್ತದೆ. ಆದೇಶ ಟೈಪ್ ಮಾಡಿ ಓಡಿಸಲು ಪೋಸ್ಟ್‌ಗ್ರೆಸ್ ಜೊತೆ ಬರುವ ಪ್ರೋಗ್ರಾಮ್ ಪಿಎಸ್‌ಕ್ಯೂಎಲ್. ಅದರಲ್ಲಿ ಸಾಲುಗಳು ತೆರೆಗೆ ಬಂದರೆ ಕೆಳಗೆ ಆವರಣದಲ್ಲಿ ಸಾಲುಗಳ ಎಣಿಕೆ ಕಾಣುತ್ತದೆ, ಟ್ಯಾಗ್ ಕಾಣುವುದಿಲ್ಲ. ಸಾಲು ಬಾರದೆ ಬರೀ 'ಸೆಲೆಕ್ಟ್ 1200' ಎಂದಷ್ಟೇ ಬಂದರೆ 1200 ಸಾಲು ಹುಟ್ಟಿ ಒಂದು ಟೇಬಲ್‌ಗೆ ಹೋಗಿ ಕೂತಿವೆ ಎಂದರ್ಥ. ಸೆಲೆಕ್ಟ್ ಇಂಟು, ಕ್ರಿಯೇಟ್ ಟೇಬಲ್ ಆ್ಯಸ್ ಎರಡೂ ಕೊಡುವುದು ಈ ಚೀಟಿಯನ್ನೇ. 'ಕಾಪಿ 1200' ಬಂದರೆ ಫೈಲಿಗೆ ಹೋಗಿವೆ. 'ಇನ್ಸರ್ಟ್ 0 0' ಬಂದರೆ ಎರಡನೆಯ ಸೊನ್ನೆ ಸಾಲುಗಳ ಲೆಕ್ಕ. ಮೊದಲನೆಯದು ಹಳೆಯ ಕಾಲದ ಓಐಡಿ (ಸಾಲಿನ ಗುರುತಿನ ಸಂಖ್ಯೆ) ಜಾಗ, ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಈ 'ಇನ್ಸರ್ಟ್ 0 0' ಎಷ್ಟೋ ಜನರನ್ನು ಹೆದರಿಸಿದೆ. ವರ್ಷಕ್ಕೊಂದು ಮಕ್ಕಳ ಟೇಬಲ್ ಮಾಡಿ, ಬಿಫೋರ್ ಟ್ರಿಗರ್ (ಸಾಲು ಸೇರುವ ಮುಂಚೆ ತಾನಾಗಿ ಓಡುವ ಕೋಡ್) ಮೂಲಕ ಸಾಲನ್ನು ಅಲ್ಲಿಗೆ ತಿರುಗಿಸಿ, ಕೊನೆಗೆ ನಲ್ (ಅಂದರೆ 'ಏನೂ ಇಲ್ಲ') ಹಿಂದಿರುಗಿಸುವ ಹಳೆಯ ವ್ಯವಸ್ಥೆಯಲ್ಲಿ ಸಾಲು ಸರಿಯಾಗಿಯೇ ಸೇರಿರುತ್ತದೆ, ಚೀಟಿ ಮಾತ್ರ ಸೊನ್ನೆ ಹೇಳುತ್ತದೆ. ಚೀಟಿಯನ್ನು ನಂಬಿ ಮತ್ತೆ ಇನ್ಸರ್ಟ್ ಮಾಡುವ ಪ್ರೋಗ್ರಾಮ್ ಇದ್ದರೆ ಒಂದೇ ಲೋಡು ಎರಡೆರಡು ಸಲ ದಾಖಲಾಗುತ್ತದೆ. 10ನೇ ಆವೃತ್ತಿಯಲ್ಲಿ ಬಂದ, ಸರ್ವರೇ ಸಾಲನ್ನು ಸರಿಯಾದ ಮಕ್ಕಳ ಟೇಬಲ್‌ಗೆ ಕಳಿಸುವ ಪಾರ್ಟಿಷನ್ ವ್ಯವಸ್ಥೆಗೆ ಬದಲಾಯಿಸಿದರೆ ಚೀಟಿ ಸರಿಯಾಗಿ ಬರುತ್ತದೆ.

ಚೀಟಿಯೂ ಇಲ್ಲ, ಸಾಲೂ ಇಲ್ಲ

ಸೆಮಿಕೋಲನ್ ಹಾಕಿ ಎಂಟರ್ ಒತ್ತಿದರೆ ಪ್ರಾಂಪ್ಟ್ ಸುಮ್ಮನೆ ಮರಳಿ ಬರುತ್ತದೆ, ಬೇರೇನೂ ಇಲ್ಲ. ಹೀಗಾದರೆ ಸರ್ವರ್ ಕಡೆ ನೋಡಲೇಬೇಡಿ. ಅದೇ ಸೆಷನ್‌ನಲ್ಲಿ ಬೇಕೆಂದೇ ತಪ್ಪು ಟೇಬಲ್ ಹೆಸರು ಕೊಟ್ಟು ಒಂದು ಕ್ವೆರಿ ಓಡಿಸಿ. ಎರರ್ ತೆರೆಗೆ ಬಂದು, ಸರಿಯಾದ ಕ್ವೆರಿ ಮಾತ್ರ ಮೌನವಾಗಿದ್ದರೆ ಯಾರೋ ಮೊದಲೇ ಬ್ಯಾಕ್‌ಸ್ಲ್ಯಾಶ್ ಓ ಕೊಟ್ಟು ಫೈಲ್ ತೆರೆದಿಟ್ಟಿದ್ದಾರೆ. ಆ ಆದೇಶದ ಗುಣವೇ ಅದು: ಮುಂದಿನ ಎಲ್ಲ ಫಲಿತಾಂಶವನ್ನೂ ಟ್ಯಾಗ್ ಸಮೇತ ಫೈಲಿಗೆ ತಿರುಗಿಸುತ್ತದೆ, ಎರರ್‌ಗಳನ್ನು ಮಾತ್ರ ಮುಟ್ಟುವುದಿಲ್ಲ. ಇನ್ನೂ ಖಾತ್ರಿ ಬೇಕಿದ್ದರೆ ಬ್ಯಾಕ್‌ಸ್ಲ್ಯಾಶ್ ಎಕೋ ಮತ್ತು ಬ್ಯಾಕ್‌ಸ್ಲ್ಯಾಶ್ ಕ್ಯೂಎಕೋ ಎರಡರಲ್ಲೂ ಒಂದೊಂದು ಪದ ಬರೆಯಿಸಿ. ಮೊದಲನೆಯದು ತೆರೆಗೆ, ಎರಡನೆಯದು ಫಲಿತಾಂಶ ಹೋಗುವ ಕಡೆಗೆ ಹೋಗುತ್ತದೆ. ಫೈಲ್ ಹೆಸರಿಲ್ಲದೆ ಬರೀ ಬ್ಯಾಕ್‌ಸ್ಲ್ಯಾಶ್ ಓ ಕೊಟ್ಟರೆ ಎಲ್ಲವೂ ತೆರೆಗೆ ಮರಳುತ್ತದೆ. ಒಂದೇ ಕ್ವೆರಿಗೆ ಫೈಲ್ ಬೇಕಿದ್ದರೆ ಸೆಮಿಕೋಲನ್ ಬದಲು ಬ್ಯಾಕ್‌ಸ್ಲ್ಯಾಶ್ ಜಿ ಮತ್ತು ಫೈಲ್ ಹೆಸರು ಕೊಡುವ ಅಭ್ಯಾಸ ಒಳ್ಳೆಯದು. ಅದು ಆ ಕ್ವೆರಿಗಷ್ಟೇ ಸೀಮಿತ.

ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ನಲ್ಲಿ ಓಡುವ ರಾತ್ರಿ ವರದಿ ಖಾಲಿ ಬರುತ್ತಿದ್ದರೆ ಮೂರು ಜಾಗ ನೋಡಿ. ಒಂದು, ಪಿಎಸ್‌ಕ್ಯೂಎಲ್ ಶುರುವಾಗುವಾಗ ಓದುವ, ಆ ಬಳಕೆದಾರನ ಪಿಎಸ್‌ಕ್ಯೂಎಲ್‌ಆರ್‌ಸಿ ಫೈಲ್. ಅದರಲ್ಲಿ ಯಾರಾದರೂ ಬ್ಯಾಕ್‌ಸ್ಲ್ಯಾಶ್ ಓ ಬಿಟ್ಟು ಹೋಗಿರಬಹುದು. ಸ್ಕ್ರಿಪ್ಟ್‌ಗಳಲ್ಲಿ ದೊಡ್ಡಕ್ಷರದ ಎಕ್ಸ್ ಆಯ್ಕೆ ಕೊಟ್ಟು ಆ ಫೈಲನ್ನೇ ಓದದಂತೆ ಮಾಡುವುದು ವಾಸಿ. ಎರಡು, ಹಳೆಯ ಪಿಎಸ್‌ಕ್ಯೂಎಲ್. ಕ್ವೆರಿಯನ್ನು ಆದೇಶದ ಗೆರೆಯಲ್ಲೇ ಕೊಡುವ ಸಿ ಆಯ್ಕೆಯಲ್ಲಿ ಒಂದೇ ಉದ್ಧರಣೆಯೊಳಗೆ ಎರಡು ಸೆಲೆಕ್ಟ್ ಕೊಟ್ಟರೆ 14 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳು ಕೊನೆಯದನ್ನು ಮಾತ್ರ ತೋರಿಸುತ್ತವೆ, 15ರಿಂದ ಎಲ್ಲವನ್ನೂ ತೋರಿಸುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಕ್ಲೈಂಟ್ ಯಂತ್ರದ ಆವೃತ್ತಿ, ಸರ್ವರಿನದಲ್ಲ. ಮೂರು, ಎರರ್ ಆಗಿದ್ದರೂ ಯಶಸ್ಸೆಂದು ವರದಿಯಾಗುವುದು. ಸ್ಕ್ರಿಪ್ಟ್ ಫೈಲ್ ಓಡಿಸುವಾಗ ಆನ್_ಎರರ್_ಸ್ಟಾಪ್ ಹಾಕದಿದ್ದರೆ ನಡುವೆ ಕ್ವೆರಿ ಮುರಿದರೂ ಪಿಎಸ್‌ಕ್ಯೂಎಲ್ 0 ಹಿಂದಿರುಗಿಸುತ್ತದೆ, ಹಾಕಿದರೆ 3. ಎರರ್‌ಗಳೂ ಅದೇ ಲಾಗ್ ಫೈಲಿಗೆ ಬೇಕಿದ್ದರೆ ಮೊದಲು > ಚಿಹ್ನೆ ಮತ್ತು ಫೈಲ್ ಹೆಸರು, ಆಮೇಲೆ 2>&1. ಹಿಂದುಮುಂದಾದರೆ ಎರರ್ ಫೈಲಿಗೆ ಹೋಗುವುದಿಲ್ಲ.

ಫೈಲಿಗೆ ಬರೆಯಿತು, ಫೈಲ್ ಇಲ್ಲ

ಬೇಲೂರಿನ ಪಿಸಿಯಲ್ಲಿ ಕೂತು ಕಾಪಿ ಟು ಎಂದು ಪಾತ್ ಕೊಟ್ಟರೆ ಫೈಲ್ ಹುಟ್ಟುವುದು ಚಿಕ್ಕಮಗಳೂರಿನ ಸರ್ವರ್ ಡಿಸ್ಕಿನಲ್ಲಿ, ಅದೂ ಪೋಸ್ಟ್‌ಗ್ರೆಸ್ ಬಳಕೆದಾರನ ಹೆಸರಿನಲ್ಲಿ. ಅದಕ್ಕೆ ಪೂರ್ಣ ಪಾತ್ ಬೇಕು, ಜೊತೆಗೆ ಸೂಪರ್‌ಯೂಸರ್ ಹಕ್ಕು ಅಥವಾ ಪಿಜಿ_ರೈಟ್_ಸರ್ವರ್_ಫೈಲ್ಸ್ ಪಾತ್ರ ಬೇಕು. ಅದೇ ಹೆಸರಿನ ಹಳೆಯ ಫೈಲಿದ್ದರೆ ಕೇಳದೆ ಅಳಿಸಿ ಬರೆಯುತ್ತದೆ. ನಮ್ಮ ಯಂತ್ರದಲ್ಲೇ ಫೈಲ್ ಬೇಕಿದ್ದರೆ ಬ್ಯಾಕ್‌ಸ್ಲ್ಯಾಶ್ ಸೇರಿಸಿದ ಕಾಪಿ ಬಳಸಬೇಕು. ಅದು ಒಳಗೆ ಕಾಪಿ ಟು ಎಸ್‌ಟಿಡಿಔಟ್ ಓಡಿಸಿ, ಬಂದದ್ದನ್ನು ಕ್ಲೈಂಟ್ ಕಡೆ ಬರೆಯುತ್ತದೆ. ಆದರೆ ಅದನ್ನು ಇಡಿಯಾಗಿ ಒಂದೇ ಗೆರೆಯಲ್ಲಿ ಬರೆಯಬೇಕು, ಪಿಎಸ್‌ಕ್ಯೂಎಲ್ ವೇರಿಯಬಲ್‌ಗಳು ಅದರೊಳಗೆ ಬಿಚ್ಚಿಕೊಳ್ಳುವುದಿಲ್ಲ. ಕ್ವೆರಿ ಉದ್ದವಿದ್ದರೆ ಕಾಪಿ ಟು ಎಸ್‌ಟಿಡಿಔಟ್ ಎಂದು ಆರಾಮಾಗಿ ಹಲವು ಗೆರೆಯಲ್ಲಿ ಬರೆದು, ಕೊನೆಗೆ ಬ್ಯಾಕ್‌ಸ್ಲ್ಯಾಶ್ ಜಿ ಹಾಕಿ ಫೈಲ್ ಹೆಸರು ಕೊಡಿ.

ಸರ್ವರ್‌ಗೇ ಲಾಗಿನ್ ಆಗಿ ನೋಡಿದರೂ ಟೆಂಪ್ ಡೈರೆಕ್ಟರಿಯಲ್ಲಿ ಫೈಲ್ ಇಲ್ಲವೇ? ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಸರ್ವಿಸ್ ಫೈಲಿನಲ್ಲಿ ಪ್ರೈವೇಟ್‌ಟೆಂಪ್ ಹೌದು ಎಂದಿದ್ದರೆ ಪೋಸ್ಟ್‌ಗ್ರೆಸ್‌ಗೆ ಕಾಣುವ ಟೆಂಪ್ ಬೇರೆ, ನಿಮಗೆ ಕಾಣುವುದು ಬೇರೆ. ಟೆಂಪ್ ಒಳಗೆ 'ಸಿಸ್ಟಮ್‌ಡಿ-ಪ್ರೈವೇಟ್' ಎಂದು ಶುರುವಾಗುವ ಉದ್ದ ಹೆಸರಿನ ಡೈರೆಕ್ಟರಿಯಲ್ಲಿ ರೂಟ್ ಆಗಿ ಹುಡುಕಿ. ಸರ್ವಿಸ್ ನಿಲ್ಲಿಸಿದರೆ ಅದೂ ಅಳಿಸಿಹೋಗುತ್ತದೆ, ಹುಡುಕುವ ಮುಂಚೆ ರೀಸ್ಟಾರ್ಟ್ ಮಾಡಬೇಡಿ.

ಟೇಬಲ್‌ಗೆ ಹೋಯಿತು, ಟೇಬಲ್ ಕಾಣುತ್ತಿಲ್ಲ

ಸ್ಕೀಮಾ (ಟೇಬಲ್‌ಗಳನ್ನು ಇಡುವ ವಿಭಾಗ) ಹೆಸರಿಲ್ಲದೆ ಮಾಡಿದ ಟೇಬಲ್, ಸ್ಕೀಮಾಗಳನ್ನು ಹುಡುಕುವ ಕ್ರಮ ಹೇಳುವ ಸರ್ಚ್_ಪಾತ್‌ನಲ್ಲಿ ಮೊದಲು ಸಿಗುವ ಸ್ಕೀಮಾಕ್ಕೆ ಹೋಗುತ್ತದೆ. ಬಳಕೆದಾರನ ಹೆಸರಿನದೇ ಸ್ಕೀಮಾ ಇದ್ದರೆ ಪಬ್ಲಿಕ್‌ಗೆ ಬರುವುದೇ ಇಲ್ಲ. ಬ್ಯಾಕ್‌ಸ್ಲ್ಯಾಶ್ ಡಿಟಿ, ನಕ್ಷತ್ರ, ಚುಕ್ಕೆ, ಟೇಬಲ್ ಹೆಸರು ಕೊಟ್ಟರೆ ಎಲ್ಲ ಸ್ಕೀಮಾಗಳಲ್ಲೂ ಹುಡುಕುತ್ತದೆ. ಟೆಂಪರರಿ ಟೇಬಲ್ ಆಗಿದ್ದರೆ ಆ ಸೆಷನ್‌ಗೆ ಮಾತ್ರ ಕಾಣುತ್ತದೆ. ಇನ್ನೊಂದು ಬಲೆಯಿದೆ: 'ಆವಕ' ಎಂಬ ಹೆಸರಿನಲ್ಲೇ ಟೆಂಪರರಿ ಟೇಬಲ್ ಮಾಡಿಕೊಂಡಿದ್ದರೆ ಅದೇ ಮೊದಲು ಸಿಗುವುದರಿಂದ ಇನ್ಸರ್ಟ್‌ಗಳೆಲ್ಲ ಅದಕ್ಕೆ ಹೋಗಿ, ಸೆಷನ್ ಮುಚ್ಚಿದಾಗ ಅದರ ಜೊತೆಗೇ ಮಾಯವಾಗುತ್ತವೆ. ಕಮಿಟ್ ಮಾಡದೆ (ಖಾಯಂ ಮಾಡದೆ) ಬಿಟ್ಟ ಟ್ರಾನ್ಸಾಕ್ಷನ್ ಕೂಡ ಸಾಮಾನ್ಯ ಕಾರಣ, ಅದರ ಸಾಲುಗಳು ಬೇರೆ ಸೆಷನ್‌ಗೆ ಕಾಣುವುದಿಲ್ಲ. ಪ್ರಾಂಪ್ಟ್‌ನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಟ್ರಾನ್ಸಾಕ್ಷನ್ ತೆರೆದೇ ಇದೆ.

ಫಂಕ್ಷನ್ ಒಳಗೆ ಕಳೆದುಹೋಗುವ ಸಾಲುಗಳು

ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಬರೆಯುವ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್ ಬರೆಯುವವರು ಒಮ್ಮೆಯಾದರೂ ನೋಡಿರುವ ಎರರ್: 'ಕ್ವೆರಿ ಹ್ಯಾಸ್ ನೋ ಡೆಸ್ಟಿನೇಷನ್ ಫಾರ್ ರಿಸಲ್ಟ್ ಡೇಟಾ', ಕೋಡ್ 42601. ಸಂದೇಶ ಇಷ್ಟು ನೇರವಾಗಿದ್ದೂ ಜನ ಕ್ವೆರಿಯನ್ನೇ ತಿದ್ದುತ್ತಾರೆ. ಫಂಕ್ಷನ್ ಒಳಗಿನ ಬರೀ ಸೆಲೆಕ್ಟ್ ಕ್ಲೈಂಟ್‌ಗೆ ಹೋಗುವುದಿಲ್ಲ, ಅದಕ್ಕೆ ಅಲ್ಲಿ ವಿಳಾಸವೇ ಇಲ್ಲ. ಫಲಿತಾಂಶ ಬೇಡದಿದ್ದರೆ ಪರ್ಫಾರ್ಮ್, ವೇರಿಯಬಲ್‌ಗೆ ಬೇಕಿದ್ದರೆ ಇಂಟು, ಕರೆದವರಿಗೆ ಕೊಡಬೇಕಿದ್ದರೆ ರಿಟರ್ನ್ ಕ್ವೆರಿ ಬಳಸಿ. ಹೆಸರಿಲ್ಲದ ಕೋಡ್ ತುಣುಕಾದ ಡೂ ಬ್ಲಾಕ್ ಏನನ್ನೂ ಹಿಂದಿರುಗಿಸಲಾರದು, ಅದರಿಂದ ಸಾಲು ಬೇಕೆಂದರೆ ಫಂಕ್ಷನ್ ಆಗಿ ಬರೆಯಲೇಬೇಕು.

ಎರರ್ ಕೊಡುವ ಈ ಸಂದರ್ಭವೇ ಮೇಲು. ಎಕ್ಸಿಕ್ಯೂಟ್‌ನಿಂದ ಓಡಿಸಿದ ಡೈನಮಿಕ್ ಸೆಲೆಕ್ಟ್‌ಗೆ ಇಂಟು ಹಾಕದಿದ್ದರೆ ಎರರೂ ಇಲ್ಲ, ಎಚ್ಚರಿಕೆಯೂ ಇಲ್ಲ, ಫಲಿತಾಂಶ ನೇರ ಕಸದ ಬುಟ್ಟಿಗೆ. ಮೇಲಾಗಿ ಎಕ್ಸಿಕ್ಯೂಟ್, ಸಾಲು ಸಿಕ್ಕಿತೇ ಎಂದು ಹೇಳುವ ಫೌಂಡ್ ವೇರಿಯಬಲ್ಲನ್ನು ಬದಲಿಸುವುದಿಲ್ಲ, ಅದನ್ನು ನಂಬಿದ ಇಫ್ ಹಿಂದಿನ ಕ್ವೆರಿಯ ಉತ್ತರವನ್ನೇ ನೋಡುತ್ತಿರುತ್ತದೆ. ಎಷ್ಟು ಸಾಲು ಎಂದು ತಿಳಿಯಲು ಗೆಟ್ ಡಯಾಗ್ನಾಸ್ಟಿಕ್ಸ್ ಬಳಸಿ.

ಇಂಟುವಿನದು ಇನ್ನೂ ನಾಜೂಕು. ಒಬ್ಬ ಬೆಳೆಗಾರರ ಕೊನೆಯ ಲೋಡಿನ ಚೀಲ ಸಂಖ್ಯೆ ಬೇಕೆಂದು ಸೆಲೆಕ್ಟ್ ಚೀಲ ಇಂಟು ಸಂಖ್ಯೆ ಫ್ರಮ್ ಆವಕ ಎಂದು ಬರೆದು, ಆರ್ಡರ್ ಬೈ ಮರೆತಿದ್ದಾರೆ ಎನ್ನಿ. ಆ ಹೆಸರಿಗೆ ಹದಿನಾಲ್ಕು ಲೋಡು ಇದ್ದರೂ ಫಂಕ್ಷನ್ ಕೈಗೆ ಸಿಕ್ಕ ಮೊದಲ ಸಾಲು ಹಿಡಿದು ಉಳಿದದ್ದನ್ನು ಕೇಳುವುದೇ ಇಲ್ಲ. ಮೊದಲ ಸಾಲು ಯಾವುದೆಂಬ ಖಾತ್ರಿಯಿಲ್ಲ. ಇವತ್ತು ಸರಿಯಾದ ಉತ್ತರ ಬಂದು, ವ್ಯಾಕ್ಯೂಮ್ (ಬೇಡವಾದ ಹಳೆಯ ಸಾಲುಗಳ ಸ್ವಚ್ಛತೆ) ಆದ ಮೇಲೋ ಇಂಡೆಕ್ಸ್ ಸೇರಿಸಿದ ಮೇಲೋ ಬೇರೆಯದು ಬರಬಹುದು. ಒಂದೂ ಸಾಲು ಸಿಗದಿದ್ದರೆ ವೇರಿಯಬಲ್‌ನಲ್ಲಿ ನಲ್ ಕೂರುತ್ತದೆ, ನಲ್ ಜೊತೆ ಕೂಡಿದ್ದೆಲ್ಲ ನಲ್, ಪಾವತಿ ಚೀಟಿ ಖಾಲಿ. ಇಂಟು ಪಕ್ಕ ಸ್ಟ್ರಿಕ್ಟ್ ಸೇರಿಸಿದರೆ ಸಾಲು ಇಲ್ಲದಿದ್ದರೆ ಪಿ0002, ಒಂದಕ್ಕಿಂತ ಹೆಚ್ಚಿದ್ದರೆ ಪಿ0003 ಎರರ್ ಬರುತ್ತದೆ. ಹಳೆಯ ಕೋಡ್ ಅಷ್ಟನ್ನೂ ತಿದ್ದಲು ಸಮಯವಿಲ್ಲದಿದ್ದರೆ 12ನೇ ಆವೃತ್ತಿಯಿಂದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನ ಎಕ್ಸ್‌ಟ್ರಾ_ವಾರ್ನಿಂಗ್ಸ್‌ಗೆ ಟೂ_ಮೆನಿ_ರೋಸ್ ಎಂದು ಹಾಕಿ ಒಂದು ದಿನ ಲಾಗ್ ನೋಡಿ. ಎಲ್ಲೆಲ್ಲಿ ಈ ತೂತಿದೆ ಎಂದು ತಾನಾಗಿ ಹೊರಬರುತ್ತದೆ.

ಫಂಕ್ಷನ್ ಒಳಗೆ ಪರೀಕ್ಷಿಸಿದ ಇದೇ ಇಂಟು ಕ್ವೆರಿಯನ್ನು ಕಾಪಿ ಮಾಡಿ ಪಿಎಸ್‌ಕ್ಯೂಎಲ್‌ನಲ್ಲಿ ಅಂಟಿಸಿದರೆ ಅರ್ಥವೇ ಬದಲಾಗುತ್ತದೆ. ಅಲ್ಲಿ 'ಸಂಖ್ಯೆ' ಎಂಬ ಹೆಸರಿನ ಹೊಸ ಟೇಬಲ್ ಹುಟ್ಟುತ್ತದೆ. ಡೇಟಾಬೇಸ್‌ನಲ್ಲಿ ವೇರಿಯಬಲ್ ಹೆಸರಿನ ಅನಾಥ ಟೇಬಲ್‌ಗಳು ಕಂಡರೆ ಕಾರಣ ಇದು.

ಎಸ್‌ಕ್ಯೂಎಲ್ ಭಾಷೆಯಲ್ಲೇ ಬರೆದ ಫಂಕ್ಷನ್‌ನಲ್ಲಿ ಕೊನೆಯ ಹೇಳಿಕೆಯ ಫಲಿತಾಂಶ ಮಾತ್ರ ಹೊರಗೆ ಬರುತ್ತದೆ, ಅದಕ್ಕೂ ಮುಂಚಿನ ಸೆಲೆಕ್ಟ್‌ಗಳಿಗೆ ಡೆಸ್ಟ್‌ನನ್. ರಿಟರ್ನ್ಸ್ ಪಕ್ಕ ಸೆಟ್‌ಆಫ್ ಇಲ್ಲದಿದ್ದರೆ ಕೊನೆಯದರಲ್ಲೂ ಮೊದಲ ಸಾಲಷ್ಟೇ. ರಿಟರ್ನ್ ಕ್ವೆರಿ ಬಳಸಿದ ಫಂಕ್ಷನ್ ಮುಂದೆ ಲಿಮಿಟ್ 10 ಹಾಕಿದರೂ ಬೇಗ ಬರುವುದಿಲ್ಲ, ಯಾಕೆಂದರೆ ಪೂರ್ತಿ ಫಲಿತಾಂಶ ಮೊದಲು ಗುಡ್ಡೆ ಬೀಳಬೇಕು. ಗುಡ್ಡೆ ವರ್ಕ್_ಮೆಮ್ ಎಂಬ ಮೆಮೊರಿ ಮಿತಿ ಮೀರಿದರೆ ಡಿಸ್ಕಿಗೆ ಹರಿಯುತ್ತದೆ, ಅದರ ಡಿಫಾಲ್ಟ್ ಬರೀ 4 ಎಂಬಿ. ಲಾಗ್_ಟೆಂಪ್_ಫೈಲ್ಸ್ 0 ಮಾಡಿದರೆ ಪ್ರತಿ ತಾತ್ಕಾಲಿಕ ಫೈಲೂ ಲಾಗ್‌ಗೆ ಬರುತ್ತದೆ. ಲಿಮಿಟ್ ಅನ್ನು ಫಂಕ್ಷನ್ ಒಳಗಿನ ಕ್ವೆರಿಗೇ ಹಾಕುವುದು ಪರಿಹಾರ.

ಕ್ವೆರಿ ಮುಗಿಯುತ್ತಲೇ ಇಲ್ಲ: ಹಳ್ಳದಾಚೆ ನಿಂತ ಲೋಡು

ಸಕಲೇಶಪುರದ ಕೌಂಟರ್‌ನಿಂದ 'ಸಾರ್, ವರದಿ ತಿರುಗ್ತಾನೇ ಇದೆ' ಎಂದು ಫೋನ್ ಬರುತ್ತದೆ. ಸರ್ವರ್‌ನಲ್ಲಿ ಸಿಪಿಯು ಮಲಗಿದೆ, ಡಿಸ್ಕ್ ಮಲಗಿದೆ. ಆಗ ಸರ್ವರಿನ ಸಂಪರ್ಕಗಳ ಸ್ಥಿತಿ ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯಲ್ಲಿ ಪಿಐಡಿ, ಸ್ಟೇಟ್, ವೇಟ್_ಇವೆಂಟ್_ಟೈಪ್, ವೇಟ್_ಇವೆಂಟ್, ಕ್ವೆರಿ_ಸ್ಟಾರ್ಟ್, ಬ್ಯಾಕೆಂಡ್_ಎಕ್ಸ್‌ಮಿನ್ ಕಾಲಂಗಳನ್ನು ತೆಗೆಯಿರಿ. ಸ್ಟೇಟ್ ಆ್ಯಕ್ಟಿವ್, ವೇಟ್_ಇವೆಂಟ್ ಕ್ಲೈಂಟ್‌ರೈಟ್ ಎಂದಿದ್ದು, ಐದಾರು ಸಲ ನೋಡಿದರೂ ಹಾಗೇ ಇದ್ದರೆ ಕ್ವೆರಿಯ ಪಾಡಿಗೆ ಕ್ವೆರಿ ಸರಿಯಿದೆ. ಸರ್ವರ್ ಸಾಲು ಹಿಡಿದುಕೊಂಡು ನಿಂತಿದೆ, ಆ ತುದಿಯಲ್ಲಿ ಇಳಿಸಿಕೊಳ್ಳುವವರಿಲ್ಲ.

ಸಣ್ಣ ಫಲಿತಾಂಶಗಳಲ್ಲಿ ಇದು ಕಾಣಿಸುವುದೇ ಇಲ್ಲ. ಬ್ಯಾಕೆಂಡ್‌ಗೆ (ಪ್ರತಿ ಸಂಪರ್ಕಕ್ಕೂ ಸರ್ವರ್‌ನಲ್ಲಿ ಓಡುವ ಪ್ರಕ್ರಿಯೆಗೆ) 8192 ಬೈಟ್‌ಗಳ ಒಂದು ಕಳಿಸುವ ಬಫರ್ ಇದೆ, ಅದು ತುಂಬಿದಾಗ ಆಪರೇಟಿಂಗ್ ಸಿಸ್ಟಮ್‌ನ ಸಾಕೆಟ್ ಬಫರ್‌ಗೆ ಸುರಿಯುತ್ತದೆ. ಎರಡೂ ತುಂಬಿ ಮುಂದೆ ಹರಿಯದಿದ್ದಾಗ ಮಾತ್ರ ಕ್ಲೈಂಟ್‌ರೈಟ್. ಅದಕ್ಕೇ ಒಂದು ದಿನದ ಆವಕ ಸಲೀಸಾಗಿ ಬರುತ್ತದೆ, ಇಡೀ ಸೀಸನ್ನಿನದು ನಿಲ್ಲುತ್ತದೆ.

ಸರ್ವರ್‌ನಲ್ಲಿ ಎಸ್‌ಎಸ್ ಆದೇಶಕ್ಕೆ ಟಿಎನ್ ಆಯ್ಕೆ ಕೊಟ್ಟು ಆ ಐಪಿಯ ಸೆಂಡ್-ಕ್ಯೂ ಅಂಕಿ ನೋಡಿ. ಅದು ಇಳಿಯದೆ ನಿಂತಿದ್ದರೆ ಎರಡರಲ್ಲಿ ಒಂದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗಿದ್ದರೆ ಆ ತುದಿಯಿಂದ ಉತ್ತರವೇ ಬಾರದು. ಲಿನಕ್ಸ್ ಡಿಫಾಲ್ಟ್‌ನಲ್ಲಿ 15 ಸಲ ಮರುಕಳಿಸಿ ನೋಡಿ, ಸುಮಾರು 15 ನಿಮಿಷ ಕಳೆದ ಮೇಲೆ ಸಂಪರ್ಕ ಕಡಿಯುತ್ತದೆ. ಕಳಿಸಿದ ಡೇಟಾಗೆ ಉತ್ತರ ಬಾಕಿಯಿರುವಾಗ, ಸಂಪರ್ಕ ಬದುಕಿದೆಯೇ ಎಂದು ಪರೀಕ್ಷಿಸುವ ಕೀಪ್‌ಅಲೈವ್ ಕೆಲಸ ಮಾಡುವುದಿಲ್ಲ, ಅದರ ಅಂಕಿ ತಗ್ಗಿಸಿ ಪ್ರಯೋಜನವಿಲ್ಲ. 12ನೇ ಆವೃತ್ತಿಯಿಂದ ಇರುವ ಟಿಸಿಪಿ_ಯೂಸರ್_ಟೈಮ್‌ಔಟ್ ಅನ್ನು ಒಂದೆರಡು ನಿಮಿಷಕ್ಕೆ ಇಡುವುದೇ ಮದ್ದು. ಇನ್ನೊಂದು ಸಂದರ್ಭದಲ್ಲಿ ಲೈನ್ ಸರಿಯಿದೆ, ಕ್ಲೈಂಟ್ ಪ್ರೋಗ್ರಾಮ್ ಹೆಪ್ಪುಗಟ್ಟಿದೆ, ಮೆಸೇಜ್ ಬಾಕ್ಸ್ ತೆರೆದಿಟ್ಟು ಊಟಕ್ಕೆ ಹೋಗಿದ್ದಾರೆ. ಆಗ ಆ ತುದಿಯ ಕರ್ನಲ್ 'ಜಾಗವಿಲ್ಲ, ತಡೆ' ಎಂದು ಉತ್ತರಿಸುತ್ತಲೇ ಇರುವುದರಿಂದ ಸಂಪರ್ಕ ಗಂಟೆಗಟ್ಟಲೆ ಹಾಗೇ ಉಳಿಯಬಹುದು. ಅಷ್ಟು ಹೊತ್ತೂ ಕ್ವೆರಿ ತನ್ನ ಸ್ನ್ಯಾಪ್‌ಶಾಟ್ (ಶುರುವಾದಾಗಿನ ಡೇಟಾದ ನೋಟ) ಹಿಡಿದೇ ಇರುತ್ತದೆ, ವ್ಯಾಕ್ಯೂಮ್ ಹಳೆಯ ಸಾಲುಗಳನ್ನು ತೆಗೆಯಲಾರದು, ಆಲ್ಟರ್ ಟೇಬಲ್ ಕಾಯುತ್ತದೆ, ಅದರ ಹಿಂದೆ ಉಳಿದವರೆಲ್ಲ ಸಾಲುಗಟ್ಟುತ್ತಾರೆ.

ಇದನ್ನು ಬಿಡಿಸಲು ಹೊರಟವರು ಮೊದಲು ಕ್ವೆರಿ ರದ್ದು ಮಾಡುವ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಕೊಡುತ್ತಾರೆ. ಟ್ರೂ ಎಂದು ಉತ್ತರ ಬರುತ್ತದೆ, ಕ್ವೆರಿ ಮಾತ್ರ ಅಲ್ಲಾಡುವುದಿಲ್ಲ. ಕಳಿಸುವಾಗ ಸಿಕ್ಕಿಕೊಂಡ ಬ್ಯಾಕೆಂಡ್ ಕ್ಯಾನ್ಸಲ್ ಸಿಗ್ನಲ್‌ಗೆ ಕಿವಿಗೊಡುವುದಿಲ್ಲ. ಒಂದು ಸಂದೇಶದ ಅರ್ಧ ಹೋಗಿರುವಾಗ ನಡುವೆ ಎರರ್ ತುರುಕಿದರೆ ಪ್ರೋಟೋಕಾಲೇ ಕೆಡುತ್ತದೆ. ಸ್ಟೇಟ್‌ಮೆಂಟ್_ಟೈಮ್‌ಔಟ್ ಕೂಡ ಒಳಗೆ ಅದೇ ಕ್ಯಾನ್ಸಲ್ ದಾರಿ ಹಿಡಿಯುವುದರಿಂದ ಅದೂ ಇಲ್ಲಿ ಕೈಕೊಡುತ್ತದೆ. ಸಂಪರ್ಕವನ್ನೇ ಮುಗಿಸುವ ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಕೊಡಿ. ಆಗ ಬ್ಯಾಕೆಂಡ್ ತನ್ನ ವಿಳಾಸವನ್ನು ಡೆಸ್ಟ್‌ರಿಮೋಟ್‌ನಿಂದ ಡೆಸ್ಟ್‌ನನ್‌ಗೆ ಬದಲಿಸಿಕೊಂಡು, ಕ್ಲೈಂಟ್‌ಗೆ ಏನೂ ಹೇಳದೆ ಸಾಯುತ್ತದೆ. ಕಿಲ್ -9 ಮಾತ್ರ ಬೇಡ, ಒಂದು ಬ್ಯಾಕೆಂಡ್ ಹಾಗೆ ಸತ್ತರೆ ಉಳಿದವರ ಸಂಪರ್ಕವೆಲ್ಲ ಕಡಿದು ಸರ್ವರ್ ರಿಕವರಿಗೆ ಹೋಗುತ್ತದೆ.

ಕ್ಲೈಂಟ್ ಕಡೆಯ ದುರಸ್ತಿಯೂ ಬೇಕು. ಪಿಎಸ್‌ಕ್ಯೂಎಲ್ ಎಲ್ಲ ಸಾಲುಗಳನ್ನೂ ಮೆಮೊರಿಗೆ ತುಂಬಿಕೊಂಡ ಮೇಲೆಯೇ ತೋರಿಸುತ್ತದೆ, ಫೆಚ್_ಕೌಂಟ್ 1000 ಎಂದು ಇಟ್ಟರೆ ತುಂಡುತುಂಡಾಗಿ ತರುತ್ತದೆ. ಜಾವಾದಲ್ಲಿ ಸೆಟ್‌ಫೆಚ್‌ಸೈಜ್ ಕೊಟ್ಟರೂ ಆಟೋಕಮಿಟ್ ಆಫ್ ಮಾಡದಿದ್ದರೆ ಅದು ಲೆಕ್ಕಕ್ಕಿಲ್ಲ. ಪೈಥಾನ್ ಸೈಕೋಪಿಜಿ2ದಲ್ಲಿ ಕರ್ಸರ್‌ಗೆ ಹೆಸರು ಕೊಟ್ಟರೆ ಮಾತ್ರ ಅದು ಸರ್ವರ್ ಕಡೆಯ ಕರ್ಸರ್.

ಕ್ವೆರಿ ಓಡಿಸಿ ಸಮಯ ಅಳೆಯುವ ಎಕ್ಸ್‌ಪ್ಲೇನ್ ಅನಲೈಜ್ ಬೇಗ ಮುಗಿಯುತ್ತದೆ, ಪ್ರೋಗ್ರಾಮ್ ನಿಧಾನ ಎಂಬ ದೂರೂ ಇದರ ನೆಂಟನೇ. ಎಕ್ಸ್‌ಪ್ಲೇನ್ ಸಾಲುಗಳನ್ನು ಹುಟ್ಟಿಸಿ ಎಸೆಯುತ್ತದೆ, ಪಠ್ಯರೂಪಕ್ಕೆ ತಿರುಗಿಸುವ ಖರ್ಚೂ ನೆಟ್‌ವರ್ಕ್ ಖರ್ಚೂ ಅದರ ಲೆಕ್ಕದಲ್ಲಿಲ್ಲ. 17ನೇ ಆವೃತ್ತಿಯ ಸೀರಿಯಲೈಜ್ ಆಯ್ಕೆ ಮೊದಲನೆಯದನ್ನು ಅಳೆಯುತ್ತದೆ. ಎರಡನೆಯದಕ್ಕೆ ಅದೇ ಕ್ವೆರಿಯನ್ನು ಒಮ್ಮೆ ಸರ್ವರ್‌ನಲ್ಲೇ, ಒಮ್ಮೆ ಕೌಂಟರ್ ಪಿಸಿಯಿಂದ ಟೈಮಿಂಗ್ ಆನ್ ಮಾಡಿ ಓಡಿಸಿ. ವ್ಯತ್ಯಾಸವೇ ಲೈನಿನ ಪಾಲು.

ಕನ್ನಡ ಹೆಸರು ಬಂದ ಕೂಡಲೇ ಮುರಿಯುವುದು

ಚೀಲದ ಲೆಕ್ಕ ಬರುತ್ತದೆ, ಹೆಸರಿನ ಕಾಲಂ ಸೇರಿಸಿದ ತಕ್ಷಣ ಎರರ್: ಯುಟಿಎಫ್8ರ ಇಷ್ಟಿಷ್ಟು ಬೈಟ್‌ಗಳಿಗೆ ವಿನ್1252ರಲ್ಲಿ ಸಮಾನ ಅಕ್ಷರ ಇಲ್ಲ. ಇವೆರಡೂ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಕ್ರಮಗಳು (ಎನ್‌ಕೋಡಿಂಗ್), ಎರಡನೆಯದರಲ್ಲಿ ಕನ್ನಡವಿಲ್ಲ. ಬೈಟ್‌ಗಳು ಇ0 ಬಿ2 ಅಥವಾ ಇ0 ಬಿ3 ಎಂದು ಶುರುವಾದರೆ ಅದು ಕನ್ನಡ ಅಕ್ಷರ. 'ಕ' ಅಂದರೆ ಇ0 ಬಿ2 95. ಡೇಟಾ ಕೆಟ್ಟಿದೆ ಎಂದು ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಲು ಹೊರಡಬೇಡಿ. ಅದೇ ಕ್ವೆರಿಗೆ ಮುಂದೆ ಕ್ರಿಯೇಟ್ ಟೆಂಪ್ ಟೇಬಲ್ ಆ್ಯಸ್ ಸೇರಿಸಿ ಓಡಿಸಿ, ಎರರ್ ಬರುವುದಿಲ್ಲ. ಎನ್‌ಕೋಡಿಂಗ್ ಪರಿವರ್ತನೆ ನಡೆಯುವುದು ಕ್ಲೈಂಟ್‌ಗೆ ಕಳಿಸುವ ರಿಸೀವರ್‌ನಲ್ಲಿ, ಟೇಬಲ್‌ಗೆ ತುಂಬುವ ರಿಸೀವರ್‌ಗೆ ಆ ಕೆಲಸವೇ ಇಲ್ಲ. ಕೌಂಟರ್ ಪಿಸಿಯಲ್ಲಿ ಕ್ಲೈಂಟ್_ಎನ್‌ಕೋಡಿಂಗ್ ಅನ್ನು ಯುಟಿಎಫ್8 ಮಾಡಿ, ಕಪ್ಪು ಕಿಟಕಿಯಲ್ಲಿ ಪಿಎಸ್‌ಕ್ಯೂಎಲ್ ತೆರೆಯುವ ಮುಂಚೆ ಆ ಕಿಟಕಿಯನ್ನು ಯುಟಿಎಫ್8ಗೆ ಬದಲಿಸುವ ಸಿಎಚ್‌ಸಿಪಿ 65001 ಕೊಡಿ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಹೆಸರುಗಳನ್ನು ಗೋಜಲು ಮಾಡಿ ತೋರಿಸಿದರೆ ಫೈಲ್ ಸರಿಯಿದೆಯೋ ಎಂದು ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಸರಿಯಿದ್ದರೆ ಎಕ್ಸೆಲ್‌ನ ಡೇಟಾ ಮೆನುವಿನಿಂದ ಪಠ್ಯ ಆಮದು ಆರಿಸಿ, ಅಲ್ಲೂ 65001 ಕೊಟ್ಟು ತೆರೆಯಿರಿ.